ಒಸರು ಕೆಂಪಾದ ದಿನ

ಆ ಪುಟ್ಟ ಊರಿನ ಕೆರೆ ನೋಡಲೆಂದು ಬೆಳಿಗ್ಗೆ ಬಸ್ಸಿಳಿದವನು, ನಿಲ್ದಾಣದ ಬೆಂಚಿನಲ್ಲಿ ಕೂತು ಬೂಟಿನ ಲೇಸು ಬಿಗಿಯುತ್ತಿದ್ದೆ. ಅದೇ ಬಸ್ಸು ವಾಪಸು ಹೊರಡುವುದರಲ್ಲಿತ್ತು. ಕೆರೆ ಕಾವಲಿನವನೊಬ್ಬ ಹೆಂಡತಿಯನ್ನೂ ನಿದ್ದೆಗಣ್ಣಿನ ಮಗಳನ್ನೂ ಹತ್ತಿಸಿ ಕಿಟಕಿಯ ಕೆಳಗೆ ನಿಂತಿದ್ದ.

“ನಿಮ್ಮಮ್ಮನ ಮನೇಲೇ ಇರು. ನಾನು ಹೇಳೋವರೆಗೂ ಬರಬೇಡ.”

“ಏನಾಯ್ತು ಅಂತ ಬಾಯಿಬಿಟ್ಟು ಹೇಳ್ರೀ.”

“ಕೆರೆ ಏರಿ ಬುಡದಲ್ಲಿ ನೀರು ಒಸರ್ತಿತ್ತಲ್ಲ, ಇವತ್ತು ಕೆಂಪಗೆ ಬರ್ತಿದೆ. ಒಳಗಿನ ಮಣ್ಣೇ ಕೊಚ್ಕೊಂಡು ಬರ್ತಿದೆ.”

“ಸಾಹೇಬರಿಗೆ ಹೇಳಿದ್ರಾ?”

“ಹೇಳ್ದೆ. ನಾಳೆ ಬಂದು ನೋಡ್ತಾರಂತೆ. ಅಲ್ಲೀವರೆಗೂ ಊರಲ್ಲಿ ಪಿಟಿಕ್ಕನ್ನಬೇಡ ಅಂದ್ರು.”

“ಮತ್ತೆ ನಮ್ಮಕ್ಕ? ಅವಳ ಮನೆ ಏರಿ ಕೆಳಗೇ ಇದೆಯಲ್ರೀ!”

“ಮೆತ್ತಗೆ ಮಾತಾಡು. ಕೆಲಸ ಹೋಗುತ್ತೆ.”

“ದಿನ ತುಂಬಿದ ಬಸುರಿ ಅವಳು. ನೀರು ಬಂದ್ರೆ ಓಡೋಕಾಗುತ್ತಾ?”

ಚಾಲಕ ಇಂಜಿನ್ ಶುರು ಮಾಡಿದ. ಅವಳು ಮಗಳ ಹಣೆ ಸವರಿ, ಒಬ್ಬಳೇ ಧಡಧಡನೆ ಇಳಿದುಬಂದಳು.

“ಇಳೀಬೇಡ ಕಣೇ! ಮಗು?”

“ನೀವು ಅವಳ ಜೊತೆ ಹೋಗಿ. ನಾನು ಮನೆ ಮನೆ ಬಾಗಿಲು ಬಡಿದು ಹೇಳ್ತೀನಿ.”

ಅವಳು ಆಗಲೇ ಓಣಿ ಹಿಡಿದಿದ್ದಳು. ಅವನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಒಂದು ಗಳಿಗೆ ನಿಂತ. ಆಮೇಲೆ ನಿರ್ವಾಹಕನ ಕೈ ಹಿಡಿದುಕೊಂಡ.

“ಅಣ್ಣ, ಕೊನೇ ನಿಲ್ದಾಣದಲ್ಲಿ ಇವಳ ಅಜ್ಜಿ ಕಾಯ್ತಿರ್ತಾರೆ. ಅವರ ಕೈಗೇ ಕೊಡು. ಬೇರೆ ಯಾರಿಗೂ ಕೊಡಬೇಡ.”

“ನೀವ್ಯಾವಾಗ ಬರ್ತೀರಿ?” ನಿರ್ವಾಹಕ ಕೇಳಿದ.

ಅವನು ಆಗಲೇ ಹೆಂಡತಿಯ ಹಿಂದೆ ಕೆರೆಯ ಕಡೆಗೆ ಓಡಿದ.