ಗುಂಡಿ ತರಲು ಇಬ್ಬರು

ಅಂಗಿ ಗುಂಡಿ ತರಲು ಹೊರಟ ಟೈಲರ್ ಅಂಗಡಿಯ ಅತ್ತಿಗೆ, ನಾದಿನಿ ಬಸ್‌ ಸ್ಟಾಪಿನ ಬೆಂಚಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಬೀಗ ರಿಪೇರಿಯವನು. ಮುಚ್ಚಿದ್ದಕ್ಕೆಲ್ಲ ಕಿವಿಗೊಡುವುದು ಅವನ ಕಸುಬು.

“ಬಕೆಟ್ಟಿಗೆ ತಟ್ಟೆ ಮುಚ್ಚಿಟ್ಟಿದ್ರಿ ಅತ್ತಿಗೆ. ತೆಗೆದು ನೋಡ್ದೆ. ಒಳಗಿನ ಬಟ್ಟೇಲಿ ರಕ್ತದ ಕಲೆ.”

ಕೊಲೆಯೇ ಇರಬೇಕೆಂದು ಬೀಗದವನು ಒಂದು ಗೇಣು ಹತ್ತಿರ ಸರಿದ.

“ಪತ್ತೇದಾರಿ ಕೆಲಸ ಯಾವಾಗ ಸಿಕ್ತು ನಿಂಗೆ?”

“ನಿಮಗೆ ಮುಟ್ಟು ನಿಂತು ಆರು ವರ್ಷ ಆಯ್ತಲ್ಲ?”

“ವಾಪಸ್ ಬಂದಿದೆ. ಪ್ರಾಯ ಬಂತು ಅನ್ಕೋ.”

“ಅದು ಹಾಗೆಲ್ಲ ವಾಪಸ್ ಬರಲ್ಲ. ನಿಂತ ಮೇಲೆ ಒಂದು ಹನಿ ಕಂಡ್ರೂ ಡಾಕ್ಟರಿಗೆ ತೋರಿಸ್ಬೇಕಂತೆ. ನರ್ಸಮ್ಮನ್ನ ಕೇಳ್ದೆ.”

“ನನ್ನ ಹೆಸರು ಹೇಳಿದ್ಯಾ?”

“ಯಾರೋ ಒಬ್ರು ಅಂದೆ.”

“ಇನ್ನೇನಂದ್ಲು?”

“ಎಷ್ಟೋ ಸಲ ಸಣ್ಣದೇ ಇರುತ್ತೆ. ಕ್ಯಾನ್ಸರೂ ಇರಬಹುದು, ಬೇಗ ಗೊತ್ತಾದ್ರೆ ವಾಸಿ ಮಾಡಬಹುದು ಅಂದ್ರು.”

ಅತ್ತಿಗೆ ನಾದಿನಿಯ ಮಡಿಲಲ್ಲಿದ್ದ ಚೀಲದೊಳಗೆ ಇಣುಕಿದಳು. ಬೀಗದವನಿಗೆ ಕೊಲೆ ಮರೆತುಹೋಯಿತು.

“ಒಂದು ಡಬ್ಬಿ ಗುಂಡಿ ತರೋಕೆ ಇಬ್ರು ಯಾಕೆ?”

“ಭಾರ ಇರುತ್ತೆ.”

“ಚೀಲದಲ್ಲಿ ನನ್ನ ಸೀರೆ ಯಾಕಿದೆ?”

ನಾದಿನಿ ರಸ್ತೆ ನೋಡಿದಳು. ಬಸ್ಸು ಬಂತು.

“ಇದು ಗುಂಡಿ ಅಂಗಡಿ ಕಡೆ ಹೋಗಲ್ಲ. ಆಸ್ಪತ್ರೆ ಬಸ್ಸು.”

“ಹೌದು.”

ಅತ್ತಿಗೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಚೀಲ ಕಿತ್ತುಕೊಂಡಳು.

“ಕಿಟಕಿ ಪಕ್ಕ ನಂಗೆ,” ಎಂದು ತಾನೇ ಮೊದಲು ಹತ್ತಿದಳು.