ಎಲ್ಲರೂ ಕೊನೆಯವರಾದ ದಿನ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ತಂಗಿಗೆ — ನಮ್ಮ ಬಾಯ್ಲರ್ ಮೇಸ್ತ್ರಿಯ ಹೆಂಡತಿಗೆ — ಮತ್ತು ಅವಳ ಮಗಳಿಗೆ ಮೊದಲ ನಮಸ್ಕಾರ. ಆಮೇಲೆ ಲಾಂಡ್ರಿಯ ಮಾಲೀಕರಿಗೆ. ಆಮೇಲೆ ನಿಮಗೆಲ್ಲ.

ಹಿಂದೆ ನಿಂತವರು ಒಳಗೆ ಬನ್ನಿ. ಬಟ್ಟೆ ಮಡಚುವ ಮೇಜುಗಳನ್ನೆಲ್ಲ ಗೋಡೆಗೆ ಸರಿಸಿದ್ದೇವೆ, ಜಾಗ ಬೇಕಾದಷ್ಟಿದೆ. ಬಾಗಿಲಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ಕೇಳುವ ಮಾತಲ್ಲ ಇದು.

ಬೆಳಿಗ್ಗೆ ಮಾಲೀಕರು ನನ್ನನ್ನು ಕರೆದರು. "ದೊಡ್ಡಮ್ಮಾ, ನೀವು ಇಸ್ತ್ರಿ ವಿಭಾಗದ ಹಿರಿಯರು, ನೀವೇ ಮಾತಾಡಿ. ಸತ್ತವರ ನಾಲ್ಕು ಒಳ್ಳೆ ಗುಣ ಹೇಳಿ, ಮುಗಿಸಿಬಿಡಿ. ಬೇರೆ ಸುದ್ದಿ ಬೇಡ" ಅಂದರು. ಆಗಲಿ ಸ್ವಾಮಿ. ಒಳ್ಳೆಯ ಗುಣದಿಂದಲೇ ಶುರು ಮಾಡುತ್ತೇನೆ.

ಇಲ್ಲಿ — ಈ ಕಂಬದ ಪಕ್ಕದಲ್ಲಿ — ಹಳೆಯ ಇಸ್ತ್ರಿ ಯಂತ್ರ ಇತ್ತು. ಬೆಡ್‌ಶೀಟನ್ನು ಈ ಕಡೆಯಿಂದ ಕೊಟ್ಟರೆ ಎರಡು ಕಾದ ಉರುಳೆಗಳ ನಡುವೆ ಹಾದು ಆ ಕಡೆ ಬರುತ್ತಿತ್ತು. ಒಂದು ಮಧ್ಯಾಹ್ನ ನಮ್ಮ ಹುಡುಗಿಯೊಬ್ಬಳ ಕೈ ಬಟ್ಟೆಯ ಜೊತೆ ಒಳಗೆ ಹೋಯಿತು. ಕಿರುಚಾಟ. ಸುಟ್ಟ ಚರ್ಮದ ವಾಸನೆ. ಗುಂಡಿ ಒತ್ತಿದರೆ ಯಂತ್ರ ನಿಲ್ಲುತ್ತಿಲ್ಲ. ನಾವೆಲ್ಲ ಅವಳನ್ನು ಹಿಂದಕ್ಕೆ ಎಳೆಯುತ್ತಿದ್ದೇವೆ, ಉರುಳೆ ಮುಂದಕ್ಕೆ ಎಳೆಯುತ್ತಿದೆ. ಮೇಸ್ತ್ರಿ ಬಾಯ್ಲರ್ ಕೋಣೆಯಿಂದ ಹಾರೆ ಹಿಡಿದು ಬಂದವನೇ ಹಲ್ಲುಚಕ್ರಕ್ಕೆ ಹೊಡೆದ — ಹೀಗೆ, ಎರಡೂ ಕೈ ಎತ್ತಿ. ಚಕ್ರ ಒಡೆದು ಅದರ ಚೂರು ಅವನ ಕೆನ್ನೆಗೇ ಹೊಕ್ಕಿತು. ಆಗಿನ ಮ್ಯಾನೇಜರ್ ಬಂದು, "ಯಾರಯ್ಯಾ ಮೆಷಿನ್ ಒಡೆದಿದ್ದು?" ಅಂದ. ಇವನು ಕೆನ್ನೆಯಿಂದ ರಕ್ತ ಸುರಿಸಿಕೊಂಡು, "ನಾನೇ ಸಾರ್. ಇನ್ನೊಂದು ಇದ್ರೆ ತೋರ್ಸಿ, ಅದನ್ನೂ ಒಡೀತೀನಿ" ಅಂದ.

ಆ ಹುಡುಗಿಗೆ ಮೂರು ಬೆರಳು ಉಳಿದವು. ಈಗ ಅವಳಿಗೇ ಇಬ್ಬರು ಮಕ್ಕಳು. ಇಲ್ಲೇ ಕುಳಿತಿದ್ದಾಳೆ. ತಲೆ ಎತ್ತಮ್ಮ, ನಾನಿನ್ನೂ ನಿನ್ನ ವಿಷಯಕ್ಕೆ ಬಂದಿಲ್ಲ.

ಎರಡನೆಯ ಗುಣ, ನಡಿಗೆ. ನಮ್ಮ ಕೆಲಸದ ಜಾಗ ನಿಮಗೆ ಗೊತ್ತು. ಇಡೀ ದಿನ ಹಬೆ. ಕಿಟಕಿ ಇದ್ದರೂ ಹಬೆಗೆ ಹೊರಗಿನದೇನೂ ಕಾಣುವುದಿಲ್ಲ. ಇಂಥ ಕಡೆ ಬೆಂದ ಮನುಷ್ಯ ಭಾನುವಾರ ಮನೆಯಲ್ಲಿ ಕಾಲು ಚಾಚಿ ಮಲಗಬೇಕು. ಇವನು ನಮ್ಮನ್ನೆಲ್ಲ ಎಬ್ಬಿಸಿಕೊಂಡು ಊರ ಹೊರಗೆ ನಡೆಸುತ್ತಿದ್ದ. ಮೊದಲ ಸಲ ನಾನು ಬೈಯುವುದಕ್ಕೆಂದೇ ಹೋದೆ. "ವಾರವೆಲ್ಲ ನಿಂತ ಕಾಲಿಗೆ ಭಾನುವಾರವೂ ಶಿಕ್ಷೆ ಯಾಕೋ?" ಅಂದೆ. "ಅಕ್ಕಾ, ನಿಮ್ಮ ಮೂಗಿಗೆ ಇಸ್ತ್ರಿ ವಾಸನೆ ಬಿಟ್ಟು ಬೇರೇನೂ ಗೊತ್ತಿಲ್ಲ. ಆ ದಿಬ್ಬ ಹತ್ತಿ, ಆಮೇಲೆ ಬೈರಿ" ಅಂದ. ಹತ್ತಿದೆ. ಆ ಕಡೆ ಹುಲ್ಲುಗಾವಲು, ಅದರ ಮಧ್ಯೆ ಹೊಳೆ, ಹೊಳೆಯ ಮೇಲೆ ಬೆಳಗಿನ ಮಂಜು. ಹಬೆಯಂತೆಯೇ ಕಾಣುತ್ತದೆ, ಆದರೆ ತಣ್ಣಗಿದೆ. ನಾನು ಬೈಯಲಿಲ್ಲ. ಆ ದಿಬ್ಬದ ಮೇಲೆ ಅವನು ಯಾರಿಗೂ ಮಾತಾಡಲು ಬಿಡುತ್ತಿರಲಿಲ್ಲ. "ಸ್ವಲ್ಪ ಹೊತ್ತು ಸುಮ್ನೆ ನೋಡಿ. ಇದಕ್ಕೆ ಯಾರೂ ಬಿಲ್ ಕೊಡಲ್ಲ" ಅನ್ನುತ್ತಿದ್ದ.

ಅವನ ನಡಿಗೆಗೆ ಒಂದು ಕಟ್ಟಳೆ ಇತ್ತು. ನಿಧಾನ ನಡೆಯುವವರು ಎಲ್ಲರಿಗಿಂತ ಮುಂದೆ; ಅವರ ವೇಗವೇ ಎಲ್ಲರ ವೇಗ. ಎಲ್ಲರ ಹಿಂದೆ ಅವನೊಬ್ಬನೇ, ಯಾರೂ ದಾರಿಯಲ್ಲಿ ಉಳಿಯಬಾರದು ಅಂತ. ನನ್ನನ್ನು ಮುಂದೆ ನಿಲ್ಲಿಸಿದಾಗ ನನಗೆ ಸಿಟ್ಟು ನೆತ್ತಿಗೇರಿತು. ನಾನೇನು ಮುದುಕಿಯೇ? "ಹಾಗಲ್ಲ ಅಕ್ಕಾ, ನೀವು ಮುಂದಿದ್ರೆ ಹಿಂದಿನವರು ಯಾರೂ ಬಾಲ ಬಿಚ್ಚಲ್ಲ" ಅಂದ. ನಗಬೇಡಿ. ಸುಳ್ಳಲ್ಲ ಅದು.

ಸಮುದ್ರದವರೆಗೆ ನಡೆಯಬೇಕು ಅನ್ನುವುದು ಅವನ ಆಸೆ. ವರ್ಷಕ್ಕೊಮ್ಮೆ ಬಾಯ್ಲರ್ ತಪಾಸಣೆಗೆ ಲಾಂಡ್ರಿ ಮುಚ್ಚುತ್ತದಲ್ಲ, ಆ ವಾರ. ಹರಿದ ಬೆಡ್‌ಶೀಟೊಂದನ್ನು ಈ ಮೇಜುಗಳ ಮೇಲೆ ಹರಡಿ, ಬಟ್ಟೆಗೆ ಗುರುತು ಹಾಕುವ ಮಸಿಯಲ್ಲಿ ದಾರಿ ಬರೆದ. ಲಾಂಡ್ರಿಯ ಗೇಟಿನಿಂದ ಹೊಳೆ ಸಮುದ್ರ ಸೇರುವ ಅಳಿವೆಯವರೆಗೆ. ನೀರೆಲ್ಲಿ, ನೆರಳೆಲ್ಲಿ, ಯಾವ ಶಾಲೆಯ ಜಗುಲಿಯಲ್ಲಿ ಮಲಗಬಹುದು, ಎಲ್ಲ. ಊಟದ ಬಿಡುವಿನಲ್ಲಿ ನಾವೆಲ್ಲ ಸುತ್ತ ನಿಂತು ಜಗಳ ಆಡುತ್ತಿದ್ದೆವು. ಒಬ್ಬಳಿಗೆ ಸೇತುವೆ ಭಯ, ಒಬ್ಬನಿಗೆ ಮಧ್ಯಾಹ್ನ ನಿದ್ದೆ ಬೇಕು. ಅವನು ಯಾರ ಮಾತನ್ನೂ ತಳ್ಳಿಹಾಕದೆ ದಾರಿಯನ್ನು ತಿದ್ದುತ್ತಿದ್ದ. ಬೊಕ್ಕೆ ಏಳದಂತೆ ಕಾಲುಚೀಲದ ಹಿಮ್ಮಡಿಗೆ ಒಣ ಸೋಪು ಉಜ್ಜುವುದನ್ನು ಹೇಳಿಕೊಟ್ಟ. ಮಾಲೀಕರೇ, ಸೋಪು ಯಾಕೆ ಬೇಗ ಖಾಲಿಯಾಗುತ್ತದೆ ಅಂತ ಕೇಳುತ್ತಿದ್ದಿರಿ. ಉತ್ತರ ಸಿಕ್ಕಿತಲ್ಲ.

ಹೋದ ತಿಂಗಳ ಕೊನೆಯ ಭಾನುವಾರ ಆ ದಾರಿಯ ಮೊದಲ ಭಾಗವನ್ನು ನಡೆದು ನೋಡಲು ಹೊರಟೆವು.

ಈಗ ಬೇರೆ ಸುದ್ದಿ.

ಕಾಲುವೆಯ ಏರಿ ನಿಮಗೆ ಗೊತ್ತು. ಒಂದು ಕಡೆ ನೀರು, ಒಂದು ಕಡೆ ದೊಡ್ಡ ಹಣ್ಣಿನ ತೋಟ, ನಡುವೆ ಒಬ್ಬರು ಹೋಗುವಷ್ಟು ದಾರಿ. 'ಸಾರ್ವಜನಿಕ ಕಾಲುದಾರಿ' ಎಂಬ ಕಲ್ಲು ನಾನು ಹುಟ್ಟುವ ಮೊದಲಿನಿಂದ ಅಲ್ಲಿತ್ತು. ಆ ದಿನ ಕಲ್ಲು ಕಿತ್ತು ಬಿದ್ದಿತ್ತು, ದಾರಿಗೆ ಅಡ್ಡ ಮುಳ್ಳುತಂತಿ ಎಳೆದಿದ್ದರು. ತೋಟದ ಕಾವಲುಗಾರ ಬೇಲಿ ಗೂಟ ಹುಗಿಯುವ ಹಾರೆ ಹಿಡಿದು ನಿಂತಿದ್ದ. ಮುಂದಿದ್ದವಳು ನಾನು. "ವಾಪಸ್ ಹೋಗು ಮುದುಕಿ, ಇಲ್ಲಾಂದ್ರೆ ಕಾಲುವೆಗೆ ಹಾಕ್ತೀನಿ" ಅಂದ.

ಮೇಸ್ತ್ರಿ ಹಿಂದಿನಿಂದ ಮುಂದಕ್ಕೆ ಬಂದ. ಏರಿಯ ಅಗಲ ಇಷ್ಟೇ. ಯಾರನ್ನು ದಾಟಬೇಕಾದರೂ ಅವರ ಭುಜ ಹಿಡಿದೇ ದಾಟಬೇಕು. ಒಬ್ಬೊಬ್ಬರ ಭುಜದ ಮೇಲೂ ಕೈಯಿಟ್ಟು ಬಂದ. ನನ್ನ ಭುಜ ಹಿಡಿದು ನನ್ನ ಮುಂದೆ ನಿಂತ. "ತಮ್ಮಾ, ಇದು ಎಲ್ಲರ ದಾರಿ. ಕಲ್ಲು ಕಿತ್ರೆ ದಾರಿ ಹೋಗುತ್ತಾ?" ಅಂದ. ಅಷ್ಟೇ ಅಂದದ್ದು.

ಮೊದಲ ಏಟು ಮೊಣಕಾಲಿಗೆ. ಹಸಿ ಕಟ್ಟಿಗೆ ಸೀಳಿದ ಸದ್ದು. ಬಿದ್ದ. ಮುಳ್ಳುತಂತಿಯ ಮೇಲೇ ಬಿದ್ದ. ಎರಡನೆಯದು ಭುಜಕ್ಕೆ. ಅವನು ಕೈ ಅಡ್ಡ ಹಿಡಿದ, ಕೈ ಮುರಿಯಿತು. ತಂಗಿ, ನಿನ್ನ ಮುಂದೆ ಹೇಳುತ್ತಿದ್ದೇನೆ, ಕ್ಷಮಿಸು. ಆದರೆ 'ಕಾಲು ಜಾರಿ ಕಲ್ಲಿನ ಮೇಲೆ ಬಿದ್ದ' ಅಂತ ಯಾರೋ ನಿನಗೆ ಹೇಳಿದ್ದಾರೆ, ಆ ಸುಳ್ಳಿನ ಜೊತೆ ನೀನು ಬಾಳಬಾರದು. ಮೂರನೆಯ ಏಟು ತಲೆಗೆ. ಬಿದ್ದವನ ತಲೆಗೆ, ಮೇಲಿನಿಂದ.

ನಾನು ನನ್ನ ಊರುಗೋಲಿನಿಂದ ಆ ಕಾವಲುಗಾರನ ಬಾಯಿಗೆ ಬಾರಿಸಿದೆ. ಹಲ್ಲು ಉದುರಿದವು. ಕೋಲು ಮುರಿಯಿತು, ಮುರಿದ ತುದಿಯಿಂದ ಮುಖಕ್ಕೆ ತಿವಿದೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುತ್ತಾರೆ. ನನ್ನ ಕೋಲು ಮುರಿಯಿತು, ಹಾವು ಬದುಕಿದೆ. ಅಷ್ಟೇ ನನ್ನ ವ್ಯಥೆ. ಹೊಡೆದದ್ದನ್ನು ಪೊಲೀಸರಿಗೂ ಹೇಳಿದ್ದೇನೆ, ಬೇಕಾದರೆ ನನ್ನ ಮೇಲೂ ಕೇಸು ಹಾಕಿ ಅಂದಿದ್ದೇನೆ. ದಾರಿ ಬರೆದ ಬೆಡ್‌ಶೀಟು ಮೇಸ್ತ್ರಿಯ ಚೀಲದಲ್ಲಿತ್ತು. ಅದನ್ನೇ ತಲೆಗೆ ಒತ್ತಿ ಹಿಡಿದೆ. ರಕ್ತ ನಿಲ್ಲಲಿಲ್ಲ. ನನ್ನ ಮಡಿಲಲ್ಲೇ ಹೋದ. ಇಷ್ಟು ವರ್ಷ ಎಂಥೆಂಥ ಕಲೆ ತೆಗೆದ ಕೈ ಇದು. ಆ ಬಟ್ಟೆಯನ್ನು ತೊಳೆಯದೆ ಹಾಗೇ ಠಾಣೆಗೆ ಕೊಟ್ಟೆ.

ಪೊಲೀಸರು ಎಲ್ಲರನ್ನೂ ಕರೆದು ಕೇಳಿದರು. ಒಬ್ಬೊಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದರು. ನೀವೇನಂದಿರಿ ಅನ್ನುವುದನ್ನು ಆಮೇಲೆ ಠಾಣೆಯಲ್ಲೇ ನನಗೆ ಓದಿ ಹೇಳಿದರು. ಆ ಮೂರು ಬೆರಳಿನವಳು, "ನಾನು ಕೊನೆಯಲ್ಲಿದ್ದೆ ಸಾರ್, ಮುಂದೇನಾಯ್ತೋ ಕಾಣಲಿಲ್ಲ" ಅಂದಳು. ಒಣಗಿಸುವ ವಿಭಾಗದ ಗಂಡ ಹೆಂಡತಿ, "ನಾವೇ ಕೊನೆ ಸಾರ್" ಅಂದರು. ಬಟ್ಟೆ ಸಾಗಿಸುವ ವ್ಯಾನಿನ ಡ್ರೈವರ್ — ನನ್ನ ಹೊಟ್ಟೆಯಲ್ಲಿ ಹುಟ್ಟಿದವನು — "ಎಲ್ಲರಿಗಿಂತ ಹಿಂದೆ ಇದ್ದೆ" ಅಂದ. ಒಂದು ಸಾಲಿಗೆ ಎಷ್ಟು ಕೊನೆ ಇರುತ್ತದೆ? ಆ ಜಾಗ ಮೇಸ್ತ್ರಿಯದು. ಅವನು ನಿಮ್ಮನ್ನು ದಾಟಿ ಸಾಯಲು ಮುಂದೆ ಬಂದ. ಅವನು ಬಿಟ್ಟು ಬಂದ ಜಾಗಕ್ಕೆ ನೀವೆಲ್ಲ ಒಟ್ಟಿಗೆ ನುಗ್ಗಿದಿರಿ.

ಯಾಕೆ ಅಂತ ನನಗೆ ಗೊತ್ತು. ಆ ತೋಟದ ಯಜಮಾನನದೇ ಊರಿನ ಹೋಟೆಲುಗಳು. ನಾವು ಒಗೆಯುವ ಬೆಡ್‌ಶೀಟುಗಳಲ್ಲಿ ಅರ್ಧ ಅವನವು. ಅವು ನಿಂತರೆ ನಿಮ್ಮಲ್ಲಿ ಅರ್ಧ ಜನ ಮನೆಗೆ. ನನ್ನ ಮಗ ಅದನ್ನೇ ಹೇಳಿದ: "ಅಮ್ಮಾ, ಸತ್ತವನು ವಾಪಸ್ ಬರ್ತಾನಾ? ಬದುಕಿರೋರ ಹೊಟ್ಟೆ ನೋಡು." ನೋಡಿದೆ ಮಗನೇ. ಆ ಹೊಟ್ಟೆಗೆ ಬಡಿಸುವುದನ್ನು ಅವತ್ತಿನಿಂದ ಬಿಟ್ಟಿದ್ದೇನೆ.

ನನ್ನೊಬ್ಬಳ ಸಾಕ್ಷಿ ಸಾಲದಂತೆ. ನಾನು ಆ ಕಾವಲುಗಾರನಿಗೆ ಹೊಡೆದವಳು, ನನಗೆ ಹಗೆ ಇರುತ್ತದೆಯಂತೆ. ಇರುತ್ತದೆ. ಇದೆ. ನಾಳೆ ಬೆಳಿಗ್ಗೆ 'ಆಕಸ್ಮಿಕ ಸಾವು' ಅಂತ ಬರೆದು ಕಡತ ಮುಚ್ಚುತ್ತಾರೆ. ಇನ್ನೊಂದು ಬಾಯಿ ಬೇಕು. ಒಂದೇ ಒಂದು. ಅಲ್ಲಿ ಕಂಬದ ಹಿಂದೆ ಸಾದಾ ಅಂಗಿಯಲ್ಲಿ ಕುಳಿತಿರುವವರು ಇನ್ಸ್‌ಪೆಕ್ಟರ್ ಸಾಹೇಬರು. ಮಾಲೀಕರೇ, ಏಳಬೇಡಿ, ಕುಳಿತುಕೊಳ್ಳಿ. ಅವರನ್ನು ಕರೆದವಳು ನಾನು. ಬೇಕಾದರೆ ಸಂಜೆ ನನ್ನನ್ನು ಕೆಲಸದಿಂದ ತೆಗೆಯಿರಿ.

ನನ್ನ ಮಾತು ಇಷ್ಟೇ. ಇನ್ನು ಎಲ್ಲರೂ ದಯವಿಟ್ಟು ಎದ್ದು ನಿಲ್ಲಬೇಕು. ಆ ದಿನ ನಮ್ಮ ಜೊತೆ ಬಾರದವರು ತಲೆ ಬಾಗಿಸಿ ಮೌನವಾಗಿ ನಿಲ್ಲಿ. ಕೆಮ್ಮು ಕೂಡ ಬೇಡ. ಅದು ಅವನಿಗೆ ನೀವು ಕೊಡುವ ಗೌರವ. ಏರಿಯ ಮೇಲೆ ಇದ್ದವರೂ ಏಳಿ. ನಿಮಗೆ ಮಾತ್ರ ಮೌನ ಇಲ್ಲ. ನಿಮ್ಮ ಪಾಲಿನ ಮೌನವನ್ನು ನೀವು ಠಾಣೆಯಲ್ಲೇ ಆಚರಿಸಿ ಬಂದಿದ್ದೀರಿ. ಇಲ್ಲಿ ಈ ತಂಗಿಯ ಮುಖ ನೋಡಿಕೊಂಡು, ಒಬ್ಬೊಬ್ಬರಾಗಿ, ಕಂಡದ್ದನ್ನು ಹೇಳಿ. ಉಳಿದವರು ಸದ್ದಿಲ್ಲದೆ ಕೇಳುತ್ತಾರೆ.

ಏಳಿ. — ಮಗನೇ, ಮೊದಲು ನೀನು.