ಗಡಹಿಂಗ್ಲಜದ ಬಸ್ಸಿನಿಂದ ಇಳಿದ ಹಾಲವ್ವ

ಅಧ್ಯಕ್ಷಸ್ಥಾನದಲ್ಲಿರುವ ಚೆನ್ನವ್ವನವರೇ, ಕೊಲ್ಹಾಪುರದಿಂದ ಮುಖ್ಯ ಅತಿಥಿಗಳಾಗಿ ಬಂದಿರುವ ಡಾಕ್ಟರ್ ಅಭಯಕುಮಾರ ಅವರೇ, ಗಡಹಿಂಗ್ಲಜ ಮಹಿಳಾ ಮಂಡಳದ ತಾಯಂದಿರೇ, ಒಳಗೆ ಬರಲು ನಾಚಿ ಬಾಗಿಲಲ್ಲೇ ನಿಂತಿರುವ ಗಂಡಸರೇ, ಸಭಿಕರೇ,

ನನಗೆ ಶಾಲು ಹೊದಿಸಿದ್ದೀರಿ, ತೆಂಗಿನಕಾಯಿ ಕೊಟ್ಟಿದ್ದೀರಿ. ಹಾರ ಎಷ್ಟು ದೊಡ್ಡದೆಂದರೆ, ಅದರ ಹಿಂದೆ ಶೆವಂತಾ ಇದ್ದಾಳೋ ಇಲ್ಲವೋ ಎಂದು ಕೊನೆಯ ಸಾಲಿನವರಿಗೆ ಸಂಶಯ ಬಂದಿರಬೇಕು. ಇದ್ದೇನೆ. ಕೊಲ್ಹಾಪುರದ ಕ್ಯಾನ್ಸರ್ ಆಸ್ಪತ್ರೆಯ ಔಷಧದ ಕೋಣೆಯಲ್ಲಿ ಸಹಾಯಕಿ ನಾನು. ರೋಗಿಗಳ ಬಾಯಲ್ಲಿ ಕಂಪೌಂಡರ್ ಬಾಯಿ. ಗುಳಿಗೆ ಕೊಡುವುದು, ಮುಲಾಮು ಕಲಸುವುದು, ಬಾಟಲಿ ತೊಳೆಯುವುದು ನನ್ನ ಕೆಲಸ. ಇದಕ್ಕೂ ಸನ್ಮಾನವೇ? ಚೆನ್ನವ್ವನವರನ್ನು ಕೇಳಿದೆ. "ಸುಮ್ಮನ ಬಾ. ನಮ್ಮ ಹಾಲವ್ವನ ಸುದ್ದಿ ಊರಿಗೆ ಹೇಳು. ಏನೂ ಮುಚ್ಚಬ್ಯಾಡ" ಎಂದರು. ಅಧ್ಯಕ್ಷರ ಅಪ್ಪಣೆ, ಮೀರುವುದುಂಟೇ?

ಹಾಲವ್ವ ಇವರ ಸೊಸೆ. ನನಗೀಗ ತಂಗಿಯ ಹಾಗೆ, ಆದ್ದರಿಂದ ಏಕವಚನಕ್ಕೆ ಕ್ಷಮೆಯಿರಲಿ. ಅರವತ್ತೊಂದನೆಯ ಇಸವಿಯಲ್ಲಿ ಅವಳ ಮೊದಲ ಬಸಿರು ನಿಲ್ಲಲಿಲ್ಲ. ಬಸಿರು ಹೋದ ಮೇಲೆ ರಕ್ತವೂ ನಿಲ್ಲಲಿಲ್ಲ. ಆಮೇಲೆ ಕೆಮ್ಮು, ಕೆಮ್ಮಿನಲ್ಲೂ ರಕ್ತ. ನಮ್ಮಲ್ಲಿಗೆ ಬಂದಾಗ ಎಕ್ಸ್‌ರೇಯಲ್ಲಿ ಎದೆಯ ತುಂಬ ಬಿಳಿ ಚುಕ್ಕೆಗಳು. ಬಸಿರಿನಿಂದ ಉಳಿದ ಮಾಂಸವೇ ಕ್ಯಾನ್ಸರ್ ಆಗಿ ಪುಪ್ಪುಸಕ್ಕೆ ಏರಿತ್ತು. ಈ ರೋಗಕ್ಕೆ ಅಲ್ಲಿಯವರೆಗೆ ನಮ್ಮ ಕಪಾಟಿನಲ್ಲಿ ಏನೂ ಇರಲಿಲ್ಲ. ಆ ವರ್ಷವಷ್ಟೇ ಇಲ್ಲಿ ಕುಳಿತಿರುವ ನಮ್ಮ ಡಾಕ್ಟರ್ ಸಾಹೇಬರು ಮುಂಬಯಿಯಿಂದ ಹೊಸ ಔಷಧ ತರಿಸಿದ್ದರು. ಅದರ ಹೆಸರಿಗೆ ನಮ್ಮ ನಾಲಿಗೆ ಹೊರಳುತ್ತಿರಲಿಲ್ಲ, ಹಳದಿ ಗುಳಿಗೆ ಎನ್ನುತ್ತಿದ್ದೆವು.

ಆ ಗುಳಿಗೆಯ ಬಟ್ಟಲು ಹಿಡಿದು ಹೋದ ಮೊದಲ ದಿನ ಚೆನ್ನವ್ವನವರು ಕೇಳಿದರು: "ಯಾವೂರವ್ವ ನಿಂದು?"

"ಇಚಲಕರಂಜಿರಿ. ನಮ್ಮಪ್ಪ ಧೊಂಡಿಬಾ ಅಂತ, ಮಗ್ಗದ ಕಾರ್ಖಾನ್ಯಾಗ ಅದಾನ್ರಿ."

"ಯಾರ ಪೈಕಿ?"

ಹೇಳಿದೆ. ಅಪ್ಪ ಬುದ್ಧನ ದೀಕ್ಷೆ ತೆಗೆದುಕೊಂಡ ಮೇಲೆ ನಮ್ಮ ಮನೆಯಲ್ಲಿ ಅದನ್ನು ತಲೆ ತಗ್ಗಿಸಿ ಹೇಳುವ ರೂಢಿ ಇರಲಿಲ್ಲ. ಇವರು ಸೆರಗು ಎಳೆದುಕೊಂಡು, "ಬಟ್ಟಲಾ ಅಲ್ಲೇ ಇಡು. ನರ್ಸಬಾಯಿ ಕೊಡ್ತಾಳ" ಎಂದರು. ಇಟ್ಟು ಬಂದೆ. ಚೆನ್ನವ್ವನವರೇ, ಮುಚ್ಚಬೇಡ ಅಂದವರು ನೀವೇ. ಈಗ ಆ ಕಡೆ ಮುಖ ತಿರುಗಿಸಿದರೆ ಹೇಗೆ?

ಹಳದಿ ಗುಳಿಗೆ ರೋಗವನ್ನು ಸುಟ್ಟಿತು, ಜೊತೆಗೆ ಹಾಲವ್ವನ ಬಾಯನ್ನೂ ಸುಟ್ಟಿತು. ನಾಲಿಗೆಯ ಮೇಲೆಲ್ಲ ಹುಣ್ಣು. ಕೂದಲು ದಿಂಬಿನ ಮೇಲೆ ಉಳಿಯತೊಡಗಿತು. ಒಂದು ಬೆಳಿಗ್ಗೆ ಹೋಗಿ ನೋಡುತ್ತೇನೆ, ಮಂಚ ಖಾಲಿ! ಡಾಕ್ಟರ್ ಸಾಹೇಬರು ಆಪರೇಷನ್ನಿನಲ್ಲಿ. ಯಾರನ್ನು ಕೇಳಲಿ? ಏಪ್ರನ್ ಸಮೇತ ಎಸ್‌ಟಿ ಬಸ್ ಸ್ಟ್ಯಾಂಡಿಗೆ ಓಡಿದೆ. ಗಡಹಿಂಗ್ಲಜದ ಬಸ್ಸು ಗುರುಗುಟ್ಟುತ್ತ ನಿಂತಿತ್ತು. ಹತ್ತಿದೆ.

"ಇಳೀರಿ ಅವ್ವಾರ. ಔಷಧ ಇನ್ನಾ ಮುಗದಿಲ್ಲ."

"ಔಷಧೇನ ಅದು? ವಿಷ ಐತಿ ವಿಷ! ನೀರ ಸೈತ ನುಂಗಾಕ ಬರವಲ್ದು ಈಕಿಗೆ. ಸಾಯೂದಿದ್ರ ನಮ್ಮ ಮನ್ಯಾಗ ಸಾಯ್ಲಿ."

ಟಿಕೀಟು ತೆಗಿ, ಇಲ್ಲಾ ಇಳಿ ಎಂದು ಕಂಡಕ್ಟರ್ ಮರಾಠಿಯಲ್ಲಿ ಕೂಗುತ್ತಿದ್ದ. ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ವಿಷಾನೇ ಐತ್ರಿ. ಆ ರೋಗಕ್ಕ ವಿಷಾನೇ ಬೇಕ್ರಿ. ನಮ್ಮಕ್ಕ ಬಯಾಬಾಯಿ ಹಿಂಗ ಕೆಮ್ಮಿ ಕೆಮ್ಮಿ ಹ್ವಾದ್ಳು. ಆಕಿಗೆ ಕೊಡಾಕ ನನ್ನ ಕೈಯಾಗ ವಿಷಾನೂ ಇರಲಿಲ್ರಿ. ಬರೇ ನೀರು ಕೊಟ್ಟೆ."

ಅಕ್ಕನೇ ನನ್ನ ಜಡೆ ಹೆಣೆಯುತ್ತಿದ್ದಳು. ಶಾಲೆ ಬಿಡಬೇಡ ಎಂದು ಅಪ್ಪನ ಜೊತೆ ಜಗಳ ಕಾದವಳೂ ಅವಳೇ. ಇನ್ನು ಕೆಲವೇ ವರ್ಷ ತಡೆದುಕೊಂಡಿದ್ದರೆ ಆ ಗುಳಿಗೆ... ಇರಲಿ. ಇದು ಸಂತೋಷದ ಸಭೆ. ಎಲ್ಲಿದ್ದೆ? ಹಾಂ, ಬಸ್ಸಿನಲ್ಲಿ.

ಬಸ್ಸಿನಲ್ಲಿ ಹಾಲವ್ವ ಎದ್ದಳು. ಎರಡು ದಿನದಿಂದ ಮಾತಾಡದ ಹುಡುಗಿ, ಗಂಟು ಎತ್ತಿಕೊಂಡು, ಸೀಟು ಹಿಡಿದು ಹಿಡಿದು ಕೆಳಗಿಳಿದಳು.

"ಏ ಹಾಲವ್ವ, ಎಲ್ಲಿಗೆ ಹೊಂಟಿ?"

ಅವಳು ತಿರುಗಿ ನೋಡಿದಳು. ಬಾತ ತುಟಿಯಿಂದ ಒಂದೇ ಮಾತು: "ಬದುಕಾಕ, ಅತ್ತೀ."

ಸಭಿಕರೇ, ಇಂದು ಸನ್ಮಾನ ಯಾರಿಗೆ ಸಲ್ಲಬೇಕು? ನೀವೇ ಹೇಳಿ.

ಅತ್ತೆಯೂ ಇಳಿದರು. ಬೈಯುತ್ತಲೇ ಇಳಿದರು. ಆ ಸಂಜೆ ಗುಳಿಗೆಯ ಬಟ್ಟಲನ್ನು ನಾನು ಎಂದಿನಂತೆ ಕಟ್ಟೆಯ ಮೇಲೆ ಇಡಹೋದರೆ, "ತಾ ಇಲ್ಲಿ" ಎಂದು ನನ್ನ ಕೈಯಿಂದಲೇ ತೆಗೆದುಕೊಂಡರು. ಸೊಸೆಗೆಂದು ಕಾಸಿದ ಗಂಜಿಯಲ್ಲಿ ನನಗೂ ಒಂದು ಬಟ್ಟಲು ಕೊಟ್ಟು, "ಮುಂಜಾನಿಂದ ಓಡ್ಯಾಡಾಕತ್ತಿ, ಕುಡಿ" ಎಂದರು. ಅದಕ್ಕೆ ಉಪ್ಪು ಹಾಕಿರಲಿಲ್ಲ. ಅದಕ್ಕಿಂತ ರುಚಿಯಾದದ್ದನ್ನು ನಾನು ಉಂಡಿಲ್ಲ.

ರೋಗ ಹೋಯಿತೆಂದು ತಿಳಿಯುವುದು ಹೇಗೆ? ನಗಬೇಡಿ, ಕಪ್ಪೆಯಿಂದ. ಹೆಂಗಸಿನ ಮೂತ್ರವನ್ನು ಗಂಡು ಕಪ್ಪೆಗೆ ಚುಚ್ಚಿ ಪರೀಕ್ಷಿಸಿದರೆ ಬಸಿರೋ ಅಲ್ಲವೋ ತಿಳಿಯುತ್ತದೆ. ಈ ರೋಗವಿದ್ದರೂ ಕಪ್ಪೆ ಅದೇ ಉತ್ತರ ಕೊಡುತ್ತದೆ. ಕಪ್ಪೆ ಹಿಡಿಯುವ ಪಾಠ ನನ್ನ ಪುಸ್ತಕದಲ್ಲಿ ಇರಲಿಲ್ಲ, ಆದರೂ ಕಲಿತೆ. ಕೊನೆಗೊಂದು ದಿನ ಕಪ್ಪೆ 'ಇಲ್ಲ' ಎಂದಿತು. ಎದೆಯ ಚುಕ್ಕೆಗಳೂ ಅಳಿಸಿಹೋಗಿದ್ದವು. ಹಾಲವ್ವ ಅದೇ ಬಸ್ಸು ಹತ್ತಿ ಊರಿಗೆ ಬಂದಳು.

ಕಥೆ ಮುಗಿಯಿತೇ? ಇಲ್ಲ. ಅರವತ್ತನಾಲ್ಕರ ಶ್ರಾವಣದಲ್ಲಿ ಅತ್ತೆ-ಸೊಸೆ ಮತ್ತೆ ಬಂದರು. ಮುಟ್ಟು ನಿಂತಿತ್ತು. ಕಪ್ಪೆ ಈ ಸಲ 'ಹೌದು' ಎಂದಿತು. ಏನು ಹೌದು? ಕೂಸೋ, ರೋಗವೋ? ಗುಳಿಗೆ ಕೊಟ್ಟರೆ ಕೂಸು ಉಳಿಯದು. ಕೊಡದೆ ರೋಗವೇ ಆಗಿದ್ದರೆ ಹಾಲವ್ವ ಉಳಿಯಳು. ಡಾಕ್ಟರ್ ಸಾಹೇಬರು ಹಾಲವ್ವನನ್ನೇ ಕೇಳಿದರು. "ಕಾಯೋಣ್ರಿ. ನನಗ ಕೆಮ್ಮಿಲ್ಲ, ಅಂಜಿಕಿನೂ ಇಲ್ಲ" ಎಂದಳು. ಅಂಜಿಕೆ ನಮಗಿತ್ತು. ಹಳದಿ ಗುಳಿಗೆಯ ಬಾಟಲಿಯನ್ನು ಕೈಗೆ ಸಿಗುವಂತೆ ಎದುರಿಗೇ ಇಟ್ಟುಕೊಂಡಿದ್ದೆ. ಅವಳು ತೋರಿಸಲು ಬಂದಾಗಲೆಲ್ಲ ಅದನ್ನು ನೋಡುವುದಕ್ಕೂ ಆಗುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ ಡಾಕ್ಟರ್ ಸಾಹೇಬರು ಮರದ ಕೊಳವೆಯನ್ನು ಅವಳ ಹೊಟ್ಟೆಗಿಟ್ಟು ಕಿವಿಗೊಟ್ಟರು. ಬಹಳ ಹೊತ್ತು ಕೇಳಿದರು. ಆಮೇಲೆ ಚೆನ್ನವ್ವನವರ ತಲೆಯನ್ನೇ ಹಿಡಿದು ಕೊಳವೆಗೆ ಬಗ್ಗಿಸಿದರು.

"ಏ ಶೆವಂತಾ! ಕೂಸಿನ ಎದಿ ಕುದರಿ ಓಡಿದ್ಹಂಗ ಓಡಾಕತ್ತೈತಿ!"

ಇವರು ಅಲ್ಲಿ ನಿಲ್ಲಲಿಲ್ಲ. ವಾರ್ಡಿನ ತುಂಬ ಓಡಿದರು. ಮಂಚ ಮಂಚಕ್ಕೂ ಹೋಗಿ, "ನನ್ನ ಸೊಸಿ ಇದs ಮಂಚದ ಮ್ಯಾಲಿದ್ಳು! ಬಸರಾಗ್ಯಾಳ!" ಎಂದರು. ಕೂದಲಿಲ್ಲದ ತಲೆಗೆ ಸೆರಗು ಹೊದ್ದು ಮಲಗಿದ್ದ ಹೆಂಗಸರು ಎದ್ದು ಕುಳಿತರು, ನಕ್ಕರು, ಚಪ್ಪಾಳೆ ತಟ್ಟಿದರು. ನಾಲ್ಕು ದಿನದಿಂದ ಔಷಧ ಒಲ್ಲೆನೆಂದು ಗೋಡೆಗೆ ಮುಖಮಾಡಿ ಮಲಗಿದ್ದ ಗಂಗುಬಾಯಿ ಎಂಬವರು ನನ್ನ ಕಡೆ ತಿರುಗಿ ಕೈ ಚಾಚಿದರು.

"ನಂದೂ ಕೊಡವ್ವ. ಎಲ್ಲಿಟ್ಟಿ?"

ಓಡಿಹೋಗಿ ತಂದುಕೊಟ್ಟೆ.

ಮಹನೀಯರೇ, ನನ್ನ ಮಾತು ಇಷ್ಟೇ. ಹೆಚ್ಚು ಹೇಳಲು ಸಮಯವೂ ಇಲ್ಲ. ಹಾಲವ್ವನ ಮಗಳು ವೇದಿಕೆ ಹತ್ತಿ ಮೈಕಿನ ವೈರು ಎಳೆಯುತ್ತಿದ್ದಾಳೆ, ಯಾರಾದರೂ ಹಿಡಿಯಿರಿ! ಕರೆದು ಕೂರಿಸಿ, ಕಿವಿಗೊಟ್ಟು ಕೇಳಿದ ನಿಮ್ಮೆಲ್ಲರಿಗೂ ನಾನು ಋಣಿ. ನಮಸ್ಕಾರ.